ಮಾತು ಎತ್ತಿಕೊಡುವ ಮಕ್ಕಳು

ನಾಗಮಂಗಲ
೪ ಜುಲೈ ೨೦೨೫, ಶುಕ್ರವಾರ

ಸುನಿ,

ಕ್ಷೇಮ ಸಮಾಚಾರದ ಸಾಲನ್ನು ಮೇಲೆ ನೀನೇ ಸೇರಿಸಿಕೊಂಡು ಓದು. ನಾನು ಫೋನು ಮಾಡಲಿಲ್ಲವೆಂದು ಇಷ್ಟು ಹೊತ್ತಿಗೆ ಕಂಡವರ ಹತ್ತಿರವೆಲ್ಲ ನನ್ನನ್ನು ಬೈದಿರುತ್ತೀಯ. ಫೋನು ನನ್ನ ಕೈಯಲ್ಲಿಲ್ಲ. ಈ ಮದರಸಾದಲ್ಲಿ ಉಳಿದುಕೊಳ್ಳುವವರು ಮಕ್ಕಳಾಗಲಿ ಟೀಚರಾಗಲಿ, ಫೋನನ್ನು ಹಫೀಜಾ ಆಪಾರ ಬೀರುವಿನಲ್ಲಿ ಇಡಬೇಕು. ಆಪಾ ಎಂದರೆ ಇಲ್ಲಿನ ದೊಡ್ಡ ಟೀಚರು. ಶುಕ್ರವಾರ ರಜೆ, ಅವತ್ತು ಮನೆಗೆ ಮಾತಾಡಲು ಸ್ವಲ್ಪ ಹೊತ್ತು ಫೋನು ಕೊಡುತ್ತಾರೆ. ಅಷ್ಟು ಹೊತ್ತನ್ನೂ ನಮ್ಮ ಅಬ್ಬಾ ಬೆಲ್ಲದ ರೇಟು ಹೇಳಿ ಮುಗಿಸುತ್ತಾರೆ. ಪಾಂಡವಪುರದ ಆಲೆಮನೆಗಳಿಂದ ಟೆಂಪೋದಲ್ಲಿ ಬೆಲ್ಲ ಹೊಡೆಯುವ ಮನುಷ್ಯನಿಗೆ ಬೇರೆ ಯಾವ ಸುದ್ದಿ ಇರುತ್ತದೆ ಹೇಳು. ಆದ್ದರಿಂದ ನಿನಗೆ ಕಾಗದವೇ ಗತಿ.

ಬೋಧನಾಭ್ಯಾಸಕ್ಕೆ ನಮ್ಮ ಡಿ.ಎಡ್. ಕಾಲೇಜಿನವರು ನಿನಗೆ ಶೀಳನೆರೆಯ ಸರ್ಕಾರಿ ಶಾಲೆ, ನನಗೆ ಹೆಣ್ಣುಮಕ್ಕಳ ಈ ವಸತಿ ಮದರಸಾ ಹಾಕಿದ ದಿನ ನೀನು ನಕ್ಕೆಯಲ್ಲ, "ನಿನ್ ಜನದ್ ತಾವೇ ಕಳುಸ್ತಾವ್ರೆ, ತವ್ರುಮನೆಗೋದಂಗೆ ಓಗ್ಬಾ" ಅಂತ. ತವರುಮನೆಯೂ ಇಲ್ಲ, ಮಣ್ಣೂ ಇಲ್ಲ. ನಾನು ಶ್ರೀರಂಗಪಟ್ಟಣದ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಮದರಸಾದ ಬಾಗಿಲು ದಾಟಿದ್ದು ಇದೇ ಮೊದಲು. ನನ್ನ ಉರ್ದು ಕೇಳಿ ಇಲ್ಲಿನ ಹುಡುಗಿಯರು ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ.

ಬೆಳಗಿನ ನಮಾಜಿನಿಂದ ಹತ್ತು ಗಂಟೆಯವರೆಗೆ ಕುರಾನ್ ಬಾಯಿಪಾಠ. ಆಮೇಲೆ ಸರ್ಕಾರದ ಪಠ್ಯಪುಸ್ತಕ, ಅದು ನನ್ನ ಪಾಲು. ಬಾಯಿಪಾಠದ ಹೊತ್ತಿನಲ್ಲಿ ಒಬ್ಬಳು ಕಣ್ಣು ಮುಚ್ಚಿಕೊಂಡು ಓದುತ್ತಾಳೆ, ಎದುರಿಗೆ ಕೂತವಳು ಕೇಳುತ್ತಾಳೆ. ಓದುವವಳು ಒಂದು ಮಾತು ಮರೆತು ನಿಂತರೆ ಕೇಳುವವಳು ತಕ್ಷಣ ಅದನ್ನು ಎತ್ತಿಕೊಡಬೇಕು. ಇದಕ್ಕೆ ಲುಕ್ಮಾ ಕೊಡುವುದು ಅನ್ನುತ್ತಾರೆ. ಲುಕ್ಮಾ ಅಂದರೆ ತುತ್ತು. ನಮಾಜು ಓದಿಸುವವರು ಎಷ್ಟು ದೊಡ್ಡವರಾದರೂ, ಮರೆತರೆ ಹಿಂದೆ ನಿಂತವರು ಎತ್ತಿಕೊಡಲೇಬೇಕು. ಅದು ಅವಮಾನವಲ್ಲ, ಕರ್ತವ್ಯ. ನಾಟಕದವರಿಗೆ ಪರದೆ ಹಿಂದಿನಿಂದ ಎತ್ತಿಕೊಡುತ್ತಾರಲ್ಲ, ಹಾಗೆ. ಇಲ್ಲಿ ಮಾತ್ರ ಪರದೆ ಇಲ್ಲ.

ಈ ತಿಂಗಳ ಕೊನೆಗೆ ತಮ್ಮಯ್ಯ ಮೇಷ್ಟ್ರು ಕಾಲೇಜಿನಿಂದ ನನ್ನ ಪರೀಕ್ಷಾ ಪಾಠ ನೋಡಲು ಬರುತ್ತಾರೆ. ಅದರಲ್ಲಿ ಪಾಸಾಗದಿದ್ದರೆ ವರ್ಷ ಹೋಯಿತು. ನಿನಗಾದರೆ ಮನೆಯವರು ಇನ್ನೊಂದು ವರ್ಷ ಓದಿಸುತ್ತಾರೆ. ಅಬ್ಬಾ ನಮ್ಮ ಭಾಷೆಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: "ಒಂದ್ ಸಲ ಪರೀಕ್ಷೆ. ಆದ್ರೆ ಆಯ್ತು, ಇಲ್ದಿದ್ರೆ ಮನೇಲಿರು." ಅವರು ಜೋರು ಮಾಡುವವರಲ್ಲ, ಆದರೆ ಹೇಳಿದ್ದನ್ನು ಬದಲಾಯಿಸುವವರೂ ಅಲ್ಲ. ನನಗೆ ಟೀಚರಾಗಬೇಕು ಸುನಿ. ಈ ಮಾತನ್ನು ಬರೆಯುವಾಗಲೂ ಹೆದರಿಕೆಯಾಗುತ್ತದೆ.

ನಿನ್ನ ಹತ್ತಿರ ಒಳ್ಳೆಯ ಪಾಠಯೋಜನೆ ಏನಾದರೂ ಇದ್ದರೆ ಕಳಿಸು.

ಮುಬೀನಾ


ಶೀಳನೆರೆ
೧೦ ಜುಲೈ ೨೦೨೫

ಮುಬಿ,

ನಿನ್ನ ಕಾಗದ ತಂದ ಪೋಸ್ಟಿನವನು ನಮ್ಮ ದೊಡ್ಡಮ್ಮ ಪುಟ್ಟಲಕ್ಷ್ಮಮ್ಮನ ಕೈಗೆ ಕೊಟ್ಟು, "ಈ ಕಾಲ್ದಲ್ಲೂ ಕಾಗ್ದ ಬರೆಯೋರವ್ರೆ ಅಂದ್ರೆ ಎಲ್ಲೋ ಲವ್ವೇ ಇರ್ಬೇಕು" ಅಂದು ಹೋದನಂತೆ. ದೊಡ್ಡಮ್ಮ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಹಾಲು ಕರೆಯುತ್ತಲೇ ವಿಚಾರಣೆ ಮಾಡಿದರು. ನಿನ್ನ ಹೆಸರು ತೋರಿಸಿದ ಮೇಲೆ ಬಿಟ್ಟರು. ಇಲ್ಲಿ ಅವರ ಮನೆಯಲ್ಲಿ ಉಳಿದುಕೊಂಡಿರುವುದಕ್ಕೆ ದಿನಾ ಡೈರಿಗೆ ಹಾಲು ಹಾಕಿ ಬರುವ ಕೆಲಸ ನನ್ನದು. ಪಾಲಹಳ್ಳಿಯಲ್ಲಿ ನಮ್ಮಮ್ಮ ಹೇಳಿದರೆ ಮಾಡುತ್ತಿರಲಿಲ್ಲ, ಇಲ್ಲಿ ಮಾಡುತ್ತಿದ್ದೇನೆ.

ನೀನು ಯಾವಾಗಲೂ ಪರೀಕ್ಷೆಗೆ ಮೊದಲೇ ಫೇಲಾಗುವ ಗಿರಾಕಿ. ಕೇಳು. ಪರೀಕ್ಷಾ ಪಾಠ ಅನ್ನುವುದು ಪಾಠ ಅಲ್ಲ, ಮದುವೆ. ಗಂಡು ಹೆಣ್ಣು ಮೊದಲೇ ನೋಡಿಕೊಂಡು, ಎಲ್ಲ ಒಪ್ಪಿಕೊಂಡ ಮೇಲೆ ಜನದ ಮುಂದೆ ಮಾಡುವುದು. ನಮ್ಮ ಹಿಂದಿನ ಬ್ಯಾಚಿನವರೆಲ್ಲ ಹಾಗೇ ಮಾಡಿದ್ದಾರೆ. ಬೀಜ ಮೊಳೆಯುವ ಪಾಠದ ಯೋಜನೆ ಇದರ ಜೊತೆ ಇಟ್ಟಿದ್ದೇನೆ, ನಾನೂ ಅದನ್ನೇ ಮಾಡುವುದು. ಮೊದಲು ಎರಡು ಮೂರು ಸಲ ಮಕ್ಕಳಿಗೆ ಅದೇ ಪಾಠ ಮಾಡಿಬಿಡು. ಯಾವ ಪ್ರಶ್ನೆಗೆ ಯಾರು ಕೈ ಎತ್ತಬೇಕು ಅಂತ ಹೇಳಿಕೊಡು. ಮುಖ್ಯವಾದ್ದು, ಒಬ್ಬಳಿಗೆ ತಪ್ಪು ಉತ್ತರ ಹೇಳಿಕೊಡು. ಎಲ್ಲರೂ ಸರಿ ಹೇಳಿದರೆ ಮೇಷ್ಟ್ರಿಗೆ ಅನುಮಾನ ಬರುತ್ತೆ. ತಪ್ಪು ಹೇಳಿದ ಮಗುವನ್ನು ನಯವಾಗಿ ತಿದ್ದಿದರೆ ಅದಕ್ಕೆ ಬೇರೆ ಅಂಕ ಇದೆ.

ನನ್ನ ಮಕ್ಕಳ ಮೇಲೆ ಇದನ್ನು ಪರೀಕ್ಷೆ ಮಾಡಿ ನೋಡಿದೆ. ಮಾರನೇ ದಿನಕ್ಕೆ ಅರ್ಧ ಮರೆತುಬಿಟ್ಟಿದ್ದವು. ಅದೇ ಒಳ್ಳೆಯದು ಕಣಮ್ಮಿ. ಅರ್ಧ ಮರೆತು ತಡವರಿಸಿ ಹೇಳಿದರೆ ಎಷ್ಟು ಸಹಜವಾಗಿ ಕಾಣುತ್ತೆ ಅಂತೀಯ. ಯೋಚನೆ ಮಾಡಿ ಹೇಳಿದ ಹಾಗೇ ಇರುತ್ತೆ.

ಧೈರ್ಯವಾಗಿರು. ನಿನ್ನನ್ನು ಮನೆಯಲ್ಲಿ ಕೂರಿಸಲು ನಾನು ಬಿಡುವುದಿಲ್ಲ.

ನಿನ್ನ ಸುನಿತಾ


ನಾಗಮಂಗಲ
೧೮ ಜುಲೈ ೨೦೨೫, ಶುಕ್ರವಾರ

ಸುನಿ,

ಯೋಜನೆ ತಲುಪಿತು. ಚೆನ್ನಾಗಿದೆ. ಹೊಲದ ಬದುವಿನ ಮೇಲೆ ಅವರೆ ಬಿತ್ತುವ ವಿಷಯ ನನಗೆ ಗೊತ್ತಿರಲಿಲ್ಲ, ನೀನು ಬರೆದದ್ದನ್ನೇ ಕಾಪಿ ಮಾಡಿಕೊಂಡೆ.

ಈ ವಾರ ಆ ಪಾಠವನ್ನು ಮಾಡಿಸಿದೆ, ಮತ್ತೆ ಮಾಡಿಸಿದೆ. ಬಟ್ಟೆಯಲ್ಲಿ ಕಟ್ಟಿಟ್ಟ ಹುರುಳಿಕಾಳಿನ ಗಂಟು ಬಿಚ್ಚಿ ತೋರಿಸಿದಾಗ ಎಲ್ಲರೂ "ಅಬ್ಬಾ, ಮೊಳ್ಕೆ" ಅನ್ನಬೇಕು. ಅಂದರು. ಮೊಳಕೆಯನ್ನು ಆಮೇಲೆ ಅಡುಗೆಮನೆಗೆ ಕೊಟ್ಟೆ, ಎರಡು ದಿನ ಅದರದೇ ಸಾರು.

ತಪ್ಪು ಉತ್ತರವನ್ನು ಮಹೇಕ್‌ಗೆ ಕೊಟ್ಟಿದ್ದೇನೆ. ಕೆ.ಆರ್. ಪೇಟೆಯ ಹುಡುಗಿ, ಐದನೇ ಕ್ಲಾಸು. ತರಗತಿಯಲ್ಲಿ ಅವಳೇ ಜಾಣೆ, ಅದಕ್ಕೇ ಕೊಟ್ಟೆ. ದಡ್ಡರಿಗೆ ಕೊಟ್ಟರೆ ಆ ದಿನ ಎಲ್ಲಿ ಸರಿ ಉತ್ತರ ಹೇಳಿಬಿಡುತ್ತಾರೋ ಅಂತ ಭಯ. ಬೀಜ ಮೊಳೆಯಲು ಏನೇನು ಬೇಕು ಅಂತ ನಾನು ಕೇಳಬೇಕು, ಅವಳು ಎದ್ದು "ಮಣ್ಣಿಲ್ಲದೆ ಬೀಜ ಮೊಳೆಯುವುದೇ ಇಲ್ಲ ಟೀಚರ್" ಅನ್ನಬೇಕು. ಆಗ ನಾನು ಮಣ್ಣಿಲ್ಲದ ಬಟ್ಟೆಗಂಟನ್ನು ಬಿಚ್ಚುವುದು.

ಅವಳು ಪಾಠ ಮುಗಿದ ಮೇಲೆ ನನ್ನ ಹತ್ತಿರ ಬಂದಳು. "ಗೊತ್ತಿದ್ದೂ ತಪ್ಪು ಏಳ್ಬೋದಾ ಟೀಚರ್?" ಅಂದಳು.

"ಪಾಠಕ್ಕೋಸ್ಕರ ಹೇಳಬಹುದು" ಅಂದೆ.

"ಆಪಾ ಮುಂದೆ ತಪ್ಪು ಓದಿದ್ರೆ ತಿರುಗಾ ಮೊದ್ಲಿಂದ ಓದ್ಬೇಕು."

"ಇದು ಕುರಾನ್ ಅಲ್ಲಮ್ಮ, ಪರಿಸರ ಅಧ್ಯಯನ."

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ "ಆಯ್ತು" ಅಂದು ಹೋದಳು. ಆ "ಆಯ್ತು" ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ನಿನ್ನ ದಾರಿಯಲ್ಲಿ ಇಷ್ಟು ದೂರ ಬಂದಾಗಿದೆ.

ಮುಬೀನಾ


ಶೀಳನೆರೆ
೨೩ ಜುಲೈ ೨೦೨೫

ಮುಬಿ,

ಗಡಿಬಿಡಿಯಲ್ಲಿದ್ದೇನೆ, ದೊಡ್ಡಮ್ಮನ ಹಸು ಈದಿದೆ. ಮನೆ ತುಂಬಾ ಗಿಣ್ಣು. ನಿನಗೆ ಕಳಿಸಲು ಪೋಸ್ಟಿನಲ್ಲಿ ಆಗುವುದಿಲ್ಲ, ಆದ್ದರಿಂದ ನಿನ್ನ ಪಾಲನ್ನು ನಾನೇ ತಿಂದೆ.

ಮಗು ಕೇಳಿದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ಆ ವಯಸ್ಸಿನಲ್ಲಿ ಎಲ್ಲಾ ಹಾಗೇ ಕೇಳುತ್ತವೆ. ತಮ್ಮಯ್ಯ ಮೇಷ್ಟ್ರು ಬಂದ ಕೂಡಲೇ ಕಾಫಿ ಕೊಡಿಸು. ಖಾಲಿ ಹೊಟ್ಟೆಯಲ್ಲಿ ಆತ ಎಲ್ಲರನ್ನೂ ಫೇಲ್ ಮಾಡುತ್ತಾರೆ ಅಂತ ಪ್ರತೀತಿ.

ಸುನಿತಾ


ನಾಗಮಂಗಲ
೧ ಆಗಸ್ಟ್ ೨೦೨೫, ಶುಕ್ರವಾರ

ಸುನಿ,

ಮೊನ್ನೆ ಬುಧವಾರ ಮೇಷ್ಟ್ರು ಬಂದರು. ಕಾಫಿ ಕೊಡಿಸಿದೆ. ಅದೊಂದು ಮಾತ್ರ ನೀನು ಹೇಳಿದ ಹಾಗೆ ನಡೆಯಿತು.

ನಿನ್ನ ಮಕ್ಕಳು ಮಾರನೇ ದಿನಕ್ಕೆ ಅರ್ಧ ಮರೆಯುತ್ತಾರೆ. ನನ್ನ ಮಕ್ಕಳು ಮರೆಯುವುದಿಲ್ಲ. ಅವರನ್ನು ಹಗಲೂ ರಾತ್ರಿ ತಿದ್ದಿ ತೀಡಿರುವುದೇ ಮರೆಯದೆ ಇರಲು. ಇದು ನಿನಗೂ ಹೊಳೆಯಲಿಲ್ಲ, ಇಲ್ಲೇ ಕೂತು ದಿನಾ ನೋಡುತ್ತಿದ್ದ ನನಗೂ ಹೊಳೆಯಲಿಲ್ಲ.

ಪೀಠಿಕೆಯ ಪ್ರಶ್ನೆಗಳು ಸುಸೂತ್ರವಾಗಿ ನಡೆದವು. ಸ್ವಲ್ಪ ಹೆಚ್ಚೇ ಸುಸೂತ್ರ. ನಾನು ಪ್ರಶ್ನೆ ಮುಗಿಸುವ ಮೊದಲೇ ಹೇಳಿಕೊಟ್ಟ ಹುಡುಗಿ ಎದ್ದು ನಿಂತಿರುತ್ತಿದ್ದಳು. ಆಮೇಲೆ ಮೂರನೇ ಸಾಲಿನ ಹುಡುಗಿಯೊಬ್ಬಳು ಯಾರೂ ಹೇಳದೆ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು ಕೂತಳು. ಮೇಷ್ಟ್ರು ಕಿಟಕಿಯನ್ನೂ ಅವಳನ್ನೂ ನೋಡಿದರು. ಮೊದಲನೇ ಸಲ ಪಾಠ ಮಾಡಿಸಿದ ದಿನ ಆ ಜಾಗಕ್ಕೆ ಬಂದಾಗ ಗಾಳಿ ಎದ್ದಿತ್ತು, "ಆ ಕಿಟಕಿ ಮುಚ್ಚಮ್ಮ" ಅಂದಿದ್ದೆ. ಅದನ್ನೂ ಪಾಠ ಅಂದುಕೊಂಡಿದ್ದಾಳೆ. ಬುಧವಾರ ಒಂದೆಲೆ ಅಲುಗಾಡುವಷ್ಟೂ ಗಾಳಿ ಇರಲಿಲ್ಲ.

ಮಹೇಕ್ ತನ್ನ ತಪ್ಪನ್ನು ಅಚ್ಚುಕಟ್ಟಾಗಿ ಹೇಳಿದಳು. ಕಣ್ಣು ಮುಚ್ಚಿಕೊಂಡು ಹೇಳಿದಳು, ಆಪಾ ಮುಂದೆ ಓದುವ ಹಾಗೆ. ಅದನ್ನು ನೋಡಿದ್ದೇ ನನಗೆ ಮುಂದಿನ ಮಾತು ಮರೆತುಹೋಯಿತು. ಗಂಟು ಕೈಯಲ್ಲಿ ಹಿಡಿದು ನಿಂತೆ. ಆಗ ಇಡೀ ತರಗತಿ ಒಂದೇ ದನಿಯಲ್ಲಿ ನನಗೆ ಎತ್ತಿಕೊಟ್ಟಿತು: "ಮಕ್ಕಳೇ, ಯಾರೂ ಹೇಳಿಕೊಡಬೇಡಿ, ಸ್ವಂತವಾಗಿ ಯೋಚಿಸಿ ಹೇಳಿ!"

ಅದು ನನ್ನ ಮಾತು. ನಾನು ಹೇಳಬೇಕಾಗಿದ್ದ ಮಾತು. ಒಂದಕ್ಷರ ಬಿಡದೆ, ನನ್ನದೇ ರಾಗದಲ್ಲಿ ಹೇಳಿದರು. ಅವರ ಮುಖದಲ್ಲಿ ಕುಚೋದ್ಯ ಇರಲಿಲ್ಲ. ಟೀಚರು ಮರೆತು ನಿಂತಿದ್ದಾರೆ, ಎತ್ತಿಕೊಡಬೇಕು, ಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನನಗೆ ಬಾಯಿಗೇ ಬಂತು, ನುಂಗಲು ಆಗಲಿಲ್ಲ.

ಮೇಷ್ಟ್ರು ನಗಲೂ ಇಲ್ಲ, ಬೈಯಲೂ ಇಲ್ಲ. ಯೋಜನೆಯ ಹಾಳೆ ತಿರುವಿ, "ಇದ್ಯಾರು ಬರ್ದಿದ್ದಮ್ಮ?" ಅಂದರು. "ನಾನೇ ಸರ್" ಅಂದೆ. "ಶ್ರೀರಂಗಪಟ್ಟಣದ ಪೇಟೆ ಬೀದೀಲಿ ನೀನು ಯಾವ ಬದು ಮ್ಯಾಲೆ ಅವರೆ ಬಿತ್ತಿದ್ದೆ?" ಅಂದರು. ಸಹಿ ಹಾಕದೆ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡರು. ಹತ್ತೊಂಬತ್ತನೇ ತಾರೀಕು ಇನ್ನೊಂದು ಪಾಠ ನೋಡುತ್ತಾರಂತೆ, ಅದೇ ಕೊನೆಯದು. "ಅವತ್ತಾದ್ರೂ ನಿಂದೇ ಪಾಠ ಮಾಡು" ಅಂದು ಹೋದರು.

ಆಪಾಗೆ ಹೇಳಿದೆ. ಅವರು ಎಲ್ಲ ಕೇಳಿ, "ಅವರು ಇಮಾಮರನ್ನೇ ಮಧ್ಯದಲ್ಲಿ ಬಿಡೋದಿಲ್ಲ, ನಿನ್ನನ್ನ ಬಿಡ್ತಾರಾ?" ಅಂದರು. ಸಮಾಧಾನ ಹೇಳಿದರೋ ಏನೋ ತಿಳಿಯಲಿಲ್ಲ.

ಮಹೇಕ್‌ಳನ್ನು ಉಳಿದ ಹುಡುಗಿಯರು "ಮಣ್ಣು" ಅಂತ ಕರೆಯಲು ಶುರು ಮಾಡಿದ್ದಾರೆ. ಅವಳು ಎರಡು ದಿನದಿಂದ ನನ್ನ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. ನನಗೆ ನಾಚಿಕೆಯಾಗಿದೆ ಸುನಿ.

ಮುಬೀನಾ


ಶೀಳನೆರೆ
೯ ಆಗಸ್ಟ್ ೨೦೨೫

ಮುಬೀನಾ,

ನಿನ್ನ ಕಾಗದ ಓದಿ ಪಾಪ ಅಂದುಕೊಂಡಿದ್ದೆ. ಬುಧವಾರದವರೆಗೆ.

ಬುಧವಾರ ತಮ್ಮಯ್ಯ ಮೇಷ್ಟ್ರು ಇಲ್ಲಿಗೂ ಬಂದರು. ನನ್ನ ಪಾಠ ಇದ್ದದ್ದು ಈ ತಿಂಗಳ ಕೊನೆಗೆ. ಹೇಳದೆ ಕೇಳದೆ ಬಂದು ಹಿಂದಿನ ಬೆಂಚಿನಲ್ಲಿ ಹುಡುಗರ ನಡುವೆ ಕೂತು, "ಬೀಜದ್ ಪಾಠ ಒಂದ್ ಬುಟ್ಟು ಬೇರೆ ಯಾವ್ದಾರಾ ಮಾಡವ್ವ" ಅಂದರು. ಬೀಜದ ಪಾಠ ಅಂತ ಅವರಿಗೆ ಹೇಗೆ ಗೊತ್ತು? ನಾನು ಸೀಮೆಸುಣ್ಣ ಹಿಡಿದುಕೊಂಡು ನಿಂತಿದ್ದೆ. ಎರಡು ವರ್ಷ ಓದಿದ್ದು, ಆ ಒಂದು ಪಾಠ ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ ಅಂತ ಆವತ್ತು ಗೊತ್ತಾಯಿತು. ನಾಲ್ಕನೇ ಕ್ಲಾಸಿನ ಹುಡುಗರೆಲ್ಲ ನನ್ನ ಮುಖ ನೋಡುತ್ತಿದ್ದವು. ನಿನಗಾದರೂ ಎತ್ತಿಕೊಡುವವರಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿನ್ನನ್ನು ಉಳಿಸಲು ಹೋಗಿ ನಾನು ಸಿಕ್ಕಿಹಾಕಿಕೊಂಡೆ. ನನ್ನ ಹೆಸರು ಹೇಳಿ ನೀನು ತಪ್ಪಿಸಿಕೊಂಡೆ ಅಂತ ಇಟ್ಟುಕೊಳ್ಳುತ್ತೇನೆ. ಸೆಪ್ಟೆಂಬರಿಗೆ ನನಗೂ ಇನ್ನೊಂದು ಪಾಠ ಕೊಟ್ಟಿದ್ದಾರೆ.

ಇದಕ್ಕೆ ಉತ್ತರ ಬರೆಯುವುದು ಬೇಡ. ನಿನ್ನ ಕಾಗದ ಬಂದರೆ ದೊಡ್ಡಮ್ಮನಿಗೆ ಕೊಡಲು ಹೇಳಿದ್ದೇನೆ, ಒಲೆಗೆ ಹಾಕಲು.

ಸುನಿತಾ


ನಾಗಮಂಗಲ
೧೫ ಆಗಸ್ಟ್ ೨೦೨೫, ಶುಕ್ರವಾರ

ಸುನಿ,

ಪುಟ್ಟಲಕ್ಷ್ಮಮ್ಮನವರೇ, ಒಲೆಗೆ ಹಾಕುವ ಮೊದಲು ಸುನಿತಾಗೆ ಒಂದು ಸಲ ತೋರಿಸಿ.

ನಿನ್ನ ಹೆಸರನ್ನು ನಾನು ಹೇಳಲಿಲ್ಲ. ಹೇಳಿದ್ದು ನಿನ್ನ ಬದು. ಮೇಷ್ಟ್ರಿಗೆ ನಿನ್ನ ಊರೂ ಗೊತ್ತು, ನೀನೂ ನಾನೂ ಕಾಲೇಜಿನಲ್ಲಿ ಒಂದೇ ಬೆಂಚು ಅನ್ನುವುದೂ ಗೊತ್ತು. ಪೇಟೆಯವಳು ಬದುವಿನ ಬಗ್ಗೆ ಬರೆದರೆ ಯಾರು ಬರೆದುಕೊಟ್ಟರು ಅಂತ ಹೇಳಲು ಜ್ಯೋತಿಷ್ಯ ಬೇಕಾಗಿಲ್ಲ. ನಾನೇ ಬರೆದೆ ಅಂತ ಸುಳ್ಳು ಹೇಳಿದ್ದೆ, ಅದೂ ನಿನ್ನನ್ನು ಉಳಿಸಲಿಲ್ಲ.

ಬೆಳಗ್ಗೆ ಇಲ್ಲಿ ಬಾವುಟ ಹಾರಿಸಿದೆವು. ಮಕ್ಕಳು ನಾಡಗೀತೆಯನ್ನು ಪೂರ್ತಿ ಹಾಡಿದರು, ನಾನು ಎರಡನೇ ಚರಣದಲ್ಲಿ ತಪ್ಪಿದೆ. ಪಕ್ಕದಲ್ಲಿದ್ದ ಹುಡುಗಿ ಎತ್ತಿಕೊಟ್ಟಳು.

ಮಂಗಳವಾರ ನನ್ನ ಪಾಠ. ಈ ಸಲ ಮಕ್ಕಳಿಗೆ ಏನೂ ಹೇಳಿಕೊಟ್ಟಿಲ್ಲ. ನಿನ್ನೆ ಮಹೇಕ್ ಬಾಗಿಲಲ್ಲಿ ನಿಂತು, ಹದಿನೈದು ದಿನದಲ್ಲಿ ಮೊದಲ ಸಲ ಮಾತಾಡಿದಳು. "ಈ ಸಲ ನಂಗೆ ಯಾವ್ದು ಟೀಚರ್? ಸರೀದಾ, ತಪ್ಪುದಾ?" ಅಂದಳು.

"ನನಗೂ ಗೊತ್ತಿಲ್ಲ" ಅಂದೆ. ಅವಳು ನಂಬಲಿಲ್ಲ.

ಫೋನಿನಲ್ಲಿ ಅಬ್ಬಾ ಪಾಠದ ವಿಷಯ ಕೇಳಿದರು. ಬೆಲ್ಲದ ರೇಟು ಹೇಳಲಿಲ್ಲ. ಅದಕ್ಕೇ ಹೆಚ್ಚು ಭಯವಾಗಿದೆ.

ಮುಬೀನಾ


ನಾಗಮಂಗಲ
೨೨ ಆಗಸ್ಟ್ ೨೦೨೫, ಶುಕ್ರವಾರ

ಸುನಿ,

ನೀನು ಓದುತ್ತೀಯೋ ಇಲ್ಲವೋ ತಿಳಿಯದು. ಬೇರೆ ಯಾರಿಗೆ ಹೇಳಿದರೂ ಇದು ಅರ್ಥವಾಗುವುದಿಲ್ಲ, ಆದ್ದರಿಂದ ನಿನಗೇ ಬರೆಯುತ್ತೇನೆ.

ನಮ್ಮ ಊಟದ ಮನೆಯ ಗೋಡೆಗೆ ನಮಾಜಿನ ವೇಳಾಪಟ್ಟಿ ಅಂಟಿಸಿದ್ದಾರೆ. ಅದರಲ್ಲಿ ಮಧ್ಯಾಹ್ನದ ಒಂದು ಹೊತ್ತಿಗೆ ಜವಾಲ್ ಅಂತ ಬರೆದಿದೆ. ಸೂರ್ಯ ನೆತ್ತಿಯ ಮೇಲೆ ಇರುವ ಹೊತ್ತು, ಆಗ ನಮಾಜು ಮಾಡಬಾರದು. ಇಲ್ಲಿನ ಮಕ್ಕಳಿಗೆ ಅದರ ಗಂಟೆ ನಿಮಿಷ ಬಾಯಿಗೆ ಬರುತ್ತದೆ. ಆದರೆ ಆ ಹೊತ್ತಿನಲ್ಲಿ ಅಂಗಳಕ್ಕೆ ಹೋಗಿ ನೋಡಿದವರು ಯಾರೂ ಇಲ್ಲ. ನಾನೂ ನೋಡಿರಲಿಲ್ಲ. ಪಟ್ಟಿ ಇರುವಾಗ ಯಾರು ನೋಡುತ್ತಾರೆ. ನೆರಳಿನ ಪಾಠ ಮಾಡೋಣ ಅನ್ನಿಸಿತು. ಇದು ಯಾರ ಯೋಜನೆಯಲ್ಲೂ ಇರಲಿಲ್ಲ.

ಸೊಳ್ಳೆಪರದೆ ಕಟ್ಟುವ ಬಿದಿರು ಕೋಲನ್ನು ಮರಳು ತುಂಬಿದ ಎಣ್ಣೆ ಡಬ್ಬದಲ್ಲಿ ನೆಟ್ಟು ಅಂಗಳದಲ್ಲಿಟ್ಟೆ. ಮೇಷ್ಟ್ರು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಮಕ್ಕಳು ಕೋಲಿನ ಸುತ್ತ ನಿಂತರು. ಹನ್ನೆರಡಕ್ಕೆ ಶುರು ಮಾಡಿದೆ. ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದೊಂದು ಕಲ್ಲು ಇಡಿಸಿದೆ. ಕಲ್ಲುಗಳು ಕೋಲಿನ ಹತ್ತಿರ ಹತ್ತಿರ ಬಂದವು. ಜವಾಲ್ ಹೊತ್ತಿಗೆ ನೆರಳು ಎಲ್ಲಕ್ಕಿಂತ ಚಿಕ್ಕದಾಗಿರುತ್ತದೆ, ಅದನ್ನು ಅಳೆಯಿಸಬೇಕು, ಆಮೇಲೆ ಪ್ರಶ್ನೆ ಕೇಳಬೇಕು. ಇದು ನನ್ನ ಯೋಜನೆ. ಸ್ಕೇಲು ಕೈಯಲ್ಲೇ ಇತ್ತು.

ಜವಾಲ್ ಹೊತ್ತಿಗೆ ನೆರಳೇ ಇರಲಿಲ್ಲ.

ಚಿಕ್ಕದಾಗಿರಲಿಲ್ಲ ಸುನಿ, ಇರಲೇ ಇಲ್ಲ. ಬಿಸಿಲು ಬೆಳ್ಳಗೆ ಹೊಡೆಯುತ್ತಿದೆ, ಕೋಲು ನಿಂತಿದೆ, ನೆಲದಲ್ಲಿ ಏನೂ ಇಲ್ಲ. ಅಳೆಯಲು ಬಗ್ಗಿದ್ದವಳು ಸ್ಕೇಲು ಹಿಡಿದು ಹಾಗೇ ನಿಂತೆ. ಮುಂದೆ ಏನು ಹೇಳಬೇಕು ಅನ್ನುವುದು ಮರೆತದ್ದಲ್ಲ, ಗೊತ್ತೇ ಇರಲಿಲ್ಲ. ಅಭ್ಯಾಸಬಲ ನೋಡು, ನಾನು ಮಕ್ಕಳ ಮುಖ ನೋಡಿದೆ. ಎತ್ತಿಕೊಡಲಿ ಅಂತ. ಅವರು ನನ್ನ ಮುಖ ನೋಡಿದರು. ಎತ್ತಿಕೊಡಲು ಅವರ ಹತ್ತಿರವೂ ಏನೂ ಇರಲಿಲ್ಲ. ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿ ಪೆನ್ನಿಗೆ ಮುಚ್ಚಳ ಹಾಕಿದ್ದು ಕಂಡಿತು. ಮುಗಿಯಿತು ಅಂದುಕೊಂಡೆ. ಶ್ರೀರಂಗಪಟ್ಟಣದ ನಮ್ಮ ಮನೆಯ ಅಡುಗೆಮನೆ ಕಿಟಕಿ ಕಣ್ಣಿಗೆ ಬಂತು.

"ನೆರಳು ಎಲ್ಲಿಗೆ ಹೋಯಿತು?" ಅಂದೆ. ಪಾಠದ ಪ್ರಶ್ನೆ ಅಂತ ಅಲ್ಲ, ನನಗೇ ಬೇಕಾಗಿತ್ತು.

ಮಕ್ಕಳು ಬಗ್ಗಿ ಕೋಲಿನ ಬುಡದ ಸುತ್ತ ನೋಡಿದರು. ಆಮೇಲೆ ಮಹೇಕ್ ಅಂದಳು, "ಕೋಲಿನ್ ಒಳಿಕ್ಕೆ ಓಗ್ಬುಟ್ಟದೆ ಟೀಚರ್."

"ಬಿಲದೊಳಿಕ್ಕೋಗಕೆ ಅದೇನು ಆವಾ?" ಅಂದಳು ಕಿಟಕಿ ಮುಚ್ಚಿದ್ದ ಹುಡುಗಿ.

"ಮತ್ತೆ ಎಲ್ಲೈತೆ, ನೀನೇ ತೋರ್ಸು."

ಆ ಹುಡುಗಿ ಹುಡುಕಲು ಹೋಗಿ ತನ್ನ ಕಾಲ ಕೆಳಗೆ ನೋಡಿಕೊಂಡಳು. "ನಂದೂ ಇಲ್ಲ ಕಣ್ರೇ" ಅಂದಳು. ಆಗ ಎಲ್ಲರೂ ತಂತಮ್ಮ ನೆರಳು ಹುಡುಕಲು ಶುರು ಮಾಡಿದರು. ಒಬ್ಬಳು ಕುಂಟೆಬಿಲ್ಲೆ ಆಡುವ ಹಾಗೆ ಒಂದು ಕಾಲು ಎತ್ತಿದಳು. ಎತ್ತಿದ ಪಾದದ ಕೆಳಗೆ ಪಾದದಷ್ಟೇ ನೆರಳು ಬಿದ್ದಿತ್ತು. ಮಹೇಕ್ ಬಗ್ಗಿ ಅದನ್ನು ನೋಡಿದಳು, ತಾನೂ ಕಾಲೆತ್ತಿ ನೋಡಿದಳು, ಆಮೇಲೆ ತಲೆ ಎತ್ತಿ ಕೈ ಅಡ್ಡ ಹಿಡಿದು ಸೂರ್ಯನ ಕಡೆ ನೋಡಿದಳು.

"ಕೆಳುಗೇ ಐತೆ ಟೀಚರ್. ನಾವೇ ತುಳ್ಕೊಂಡು ನಿಂತಿವಿ. ಕೋಲೂ ತುಳ್ಕೊಂಡೈತೆ" ಅಂದಳು. ಕೋಲಿನ ಕಡೆ ತಿರುಗಿ, "ಅಂಗಾರೆ ನಾ ಏಳಿದ್ದು ತಪ್ಪು" ಅಂದಳು. ಅಂದು ಜೋರಾಗಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ತಪ್ಪನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅವಳದೇ.

ನನಗೆ ಅಳು ಬಂತು. ಬಿಸಿಲು ಅಂತ ದುಪಟ್ಟಾದಲ್ಲಿ ಮುಖ ಒರೆಸಿಕೊಂಡೆ.

ಅಷ್ಟರಲ್ಲಿ ಅಜಾನ್ ಆಯಿತು, ಮಕ್ಕಳು ಕೈಕಾಲು ತೊಳೆಯಲು ಓಡಿದರು. ಪಾಠವನ್ನು ಮುಗಿಸಲೇ ಇಲ್ಲ. ಸಾರಾಂಶ ಇಲ್ಲ, ಮೌಲ್ಯಮಾಪನದ ಪ್ರಶ್ನೆ ಇಲ್ಲ, ಮನೆಗೆಲಸ ಇಲ್ಲ. ಮೇಷ್ಟ್ರು ಕೋಲಿನ ಹತ್ತಿರ ಬಂದು, ತಮ್ಮ ಚಪ್ಪಲಿಯ ಕೆಳಗೊಂದು ಸಲ ನೋಡಿಕೊಂಡರು. "ಯಾಕಂಗಾಯ್ತು ಅಂತ ಓದ್ಕೊಂಡು ನಾಳೆ ಮಕ್ಕಳ್ಗೆ ಏಳು. ನಾನೇಳಕ್ಕಿಲ್ಲ" ಅಂದರು. ಆಪಾ ಕೊಟ್ಟ ಮಜ್ಜಿಗೆ ಕುಡಿದು ಬಸ್ಸಿಗೆ ಹೋದರು. ಪಾಸೋ ಫೇಲೋ ಬಾಯಿ ಬಿಡಲಿಲ್ಲ.

ಓದಿಕೊಂಡೆ. ನಮ್ಮ ಕಡೆ ವರ್ಷದಲ್ಲಿ ಎರಡು ಸಲ ಮಾತ್ರ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನಂತೆ. ಹತ್ತೊಂಬತ್ತು ಅದರಲ್ಲೊಂದು. ಮೇಷ್ಟ್ರಿಗೆ ಗೊತ್ತಿತ್ತೋ, ಗೊತ್ತಿದ್ದೇ ಆ ತಾರೀಕು ಕೊಟ್ಟರೋ ಕೇಳಬೇಕು ಅನ್ನಿಸಿತು. ಆದರೆ ಮೊದಲ ದಿನ ಅವರು ತಾರೀಕು ಹೇಳಿದಾಗ ನನ್ನ ಪಾಠ ಏನು ಅಂತ ನನಗೇ ಗೊತ್ತಿರಲಿಲ್ಲವಲ್ಲ.

ನಿನ್ನ ಪಾಠ ಯಾವಾಗ? ನಿನ್ನ ಮೇಲೆ ಕೋಪವಿಲ್ಲ. ನಿನಗಿರುವುದು ನ್ಯಾಯವೇ ಇರಬಹುದು. ಬೈದಾದರೂ ಬರೆ.

ಮುಬೀನಾ


ಶೀಳನೆರೆ
೩ ಸೆಪ್ಟೆಂಬರ್ ೨೦೨೫

ಮುಬಿ,

ನಿನ್ನ ಕಾಗದಗಳನ್ನು ದೊಡ್ಡಮ್ಮ ಒಲೆಗೆ ಹಾಕಲಿಲ್ಲ. "ನನ್ ಎಸ್ರು ಬರ್ದವ್ಳಲ್ಲ, ಅದೆಂಗ್ ಸುಡ್ಲಿ" ಅಂದು ರಾಗಿ ಡಬ್ಬದ ಮೇಲೆ ಇಟ್ಟಿದ್ದರು. ಗೌರಿ ಹಬ್ಬಕ್ಕೆ ಪಾಲಹಳ್ಳಿಗೆ ಹೊರಟ ದಿನ ಎರಡನ್ನೂ ಕೈಗೆ ಕೊಟ್ಟರು. ಬಸ್ಸಿನಲ್ಲಿ ಓದಿದೆ. ಕೋಲೂ ತುಳ್ಕೊಂಡೈತೆ ಅನ್ನುವಲ್ಲಿಗೆ ಬಂದಾಗ ಕಂಡಕ್ಟರು ಟಿಕೆಟ್ ಕೇಳಿದ, ನಾನು ಮೂಗು ಒರೆಸುತ್ತಾ ಚಿಲ್ಲರೆ ಕೊಟ್ಟೆ.

ಬದುವಿನ ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು. ಕೋಪ ನಿನ್ನ ಮೇಲೆ ಬಂದದ್ದಲ್ಲ ಕಣೇ. ಮೇಷ್ಟ್ರು ಬೇರೆ ಪಾಠ ಕೇಳಿದಾಗ ನನ್ನ ಹತ್ತಿರ ಬೇರೆ ಪಾಠ ಇರಲಿಲ್ಲ, ಅದು. ಅಷ್ಟೂ ಜನದ ಎದುರು ಬರಿಗೈಯಲ್ಲಿ ನಿಂತದ್ದಕ್ಕೆ ಯಾರನ್ನಾದರೂ ಬೈಯಬೇಕಿತ್ತು, ನೀನು ಸಿಕ್ಕಿದೆ.

ಈಗ ಮುಖ್ಯ ಸುದ್ದಿ. ಮೊನ್ನೆ ಪಾಂಡವಪುರಕ್ಕೆ, ನಮ್ಮ ಕಾಲೇಜಿಗೆ ಹೋಗಿದ್ದೆ. ಪರೀಕ್ಷಾ ಪಾಠದ ಹಾಳೆಗಳನ್ನು ಆಫೀಸಿನಲ್ಲಿ ತೋರಿಸುತ್ತಿದ್ದರು, ನಿನ್ನದನ್ನು ಹುಡುಕಿಸಿ ನೋಡಿದೆ. ತಮ್ಮಯ್ಯ ಮೇಷ್ಟ್ರ ಕೈಬರಹದಲ್ಲಿ ಹೀಗಿತ್ತು: "ಯೋಜನೆಯಂತೆ ಪಾಠ ನಡೆಯಲಿಲ್ಲ. ಪಾಠ ಪೂರ್ಣವಾಗಲಿಲ್ಲ. ಪ್ರಶ್ನೆಗೆ ಉತ್ತರ ಶಿಕ್ಷಕಿಗೂ ತಿಳಿದಿರಲಿಲ್ಲ. ತೇರ್ಗಡೆ."

ಪಾಸು ಕಣಮ್ಮಿ. ಪಾಸು.

ನಿನಗೆ ಶುಕ್ರವಾರದವರೆಗೆ ಫೋನು ಸಿಗುವುದಿಲ್ಲ ಅಂತ ಅಲ್ಲಿಂದಲೇ ನಿಮ್ಮ ಅಬ್ಬಾಗೆ ಫೋನು ಮಾಡಿದೆ. "ಪಾಸಾ?" ಅಂದರು. "ಪಾಸು ಅಂಕಲ್" ಅಂದೆ. ಗಾಡಿ ಪಕ್ಕಕ್ಕೆ ಹಾಕಿದರು ಅಂತ ಕಾಣುತ್ತೆ, ಟೆಂಪೋ ಸದ್ದು ನಿಂತಿತು. "ಎಲ್ಲಿಗೆ ಹಾಕ್ತಾರಂತಮ್ಮ ಕೆಲ್ಸುಕ್ಕೆ? ದೂರಾನಾ?" ಅಂದರು. ಅದು ನಿನಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಆಮೇಲೆ ನನಗೂ ಬೆಲ್ಲದ ರೇಟು ಹೇಳಿದರು.

ನನ್ನ ಪಾಠ ಹನ್ನೆರಡನೇ ತಾರೀಕು, ಶುಕ್ರವಾರ. ನಿನಗೆ ರಜೆ, ನಮಗೆ ಶಾಲೆ. ಆಪಾ ಹತ್ತಿರ ಕೇಳಿಕೊಂಡು ಬೆಳಗ್ಗೆ ಮೊದಲ ಬಸ್ಸು ಹಿಡಿದು ಬಾ. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿಗೆ ನಾನು ಬಂದಿರುತ್ತೇನೆ. ದೊಡ್ಡಮ್ಮ ನಿನ್ನನ್ನು ನೋಡಬೇಕಂತೆ, ಅವಳು ಲವ್ವಾಗಿದ್ದರೂ ಪರವಾಗಿಲ್ಲ ಅನ್ನುತ್ತಾರೆ.

ಏನು ಪಾಠ ಅಂತ ಹೇಳುವುದಿಲ್ಲ. ಮಕ್ಕಳಿಗೂ ಹೇಳಿಲ್ಲ. ರಾತ್ರಿ ಹಗಲು ಹೆದರಿಕೆ ಆಗುತ್ತಿದೆ, ನೀನು ಹೇಗೆ ತಡೆದುಕೊಂಡೆಯೋ. ಹಿಂದಿನ ಬೆಂಚಿನಲ್ಲಿ ಮೇಷ್ಟ್ರ ಪಕ್ಕ ನೀನೂ ಕೂತ್ಕೋ. ನೀನಿದ್ದೀಯ ಅಂತ ಗೊತ್ತಿದ್ದರೆ ಸಾಕು.

ಒಂದೇ ಒಂದು ಮಾತು. ನಾನು ಮಧ್ಯದಲ್ಲಿ ತಡವರಿಸಿ ನಿಂತರೆ, ಮುಂದಿನದು ನಿನಗೆ ಗೊತ್ತಿದ್ದರೂ, ನೀನು ಎತ್ತಿಕೊಡಬೇಡ.

ನಿನ್ನ ಸುನಿತಾ